ಮೀನಿಗೊಂದು ಬಾಗಿಲು

ಆ ಕೆರೆಯ ದಂಡೆಯಲ್ಲಿ ಗಾಳ ಹಾಕುವ ಜಾಗಗಳು ಬೇಕಾದಷ್ಟಿದ್ದವು. ಅವುಗಳಲ್ಲೆಲ್ಲ ಅತ್ಯಂತ ದರಿದ್ರವಾದದ್ದಕ್ಕೆ ‘ತಟ್ಟೆ’ ಎಂದು ಹೆಸರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಳ್ಳು ಹೇಳಿರಲಿಲ್ಲ. ಅಲ್ಲಿ ನೀರಿನ ತಳ ತೊಳೆದು ಮಗುಚಿಟ್ಟ ತಟ್ಟೆಯಷ್ಟೇ ಬೋಳು. ಒಂದು ಬಂಡೆಯಿಲ್ಲ, ಒಂದು ಬೇರಿಲ್ಲ, ಹೆಸರಿಗೊಂದು ಕಳೆಗಿಡವೂ ಇಲ್ಲ. ಮೀನಾದರೂ ಯಾಕೆ ಬರಬೇಕು ಹೇಳಿ? ಮರದ ನೆರಳೂ ಇಲ್ಲದ, ಕೂರಲು ಕಟ್ಟೆಯೂ ಇಲ್ಲದ ಬೀದಿಯಲ್ಲಿ ನೀವು ನಿಲ್ಲುತ್ತೀರಾ? ಅಂಥ ಜಾಗವನ್ನು ಗಾಳಗಾರರ ಸಂಘ ಟೈಲರಮ್ಮನಿಗೆ ಕೊಟ್ಟಿತು. ಕೊಟ್ಟಿತು ಅನ್ನುವುದು ಮರ್ಯಾದೆಯ ಮಾತು, ಅವಳ ತಲೆಗೆ ಕಟ್ಟಿತು.

ಕಟ್ಟಿದವನು ಹೊರಗಿನವನಲ್ಲ, ಸ್ವಂತ ಭಾವ, ಗಂಡನ ಅಣ್ಣ. ಪೈಪು, ಬಣ್ಣ, ಮೊಳೆ ಮಾರುವ ದೊಡ್ಡ ಅಂಗಡಿ ಅವನದು. ಸಂಘದ ಅಧ್ಯಕ್ಷಗಿರಿಯೂ ಅವನದೇ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹಾರಾಡಿದ್ದು ಸಾಲದೆ ಸಂಜೆ ಸಂಘದಲ್ಲೂ ಹಾರಾಡಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ ಅವನಿಗೆ.

ಕೆರೆಯ ಅತ್ಯುತ್ತಮ ಜಾಗದ ಹೆಸರು ‘ಮೂಲೆ’. ಮಾವ ಬದುಕಿರುವವರೆಗೆ ಅದು ಮಾವನದು. ಗಾಳ ಹಾಕುವುದನ್ನು ಮಾವ ಇಬ್ಬರು ಗಂಡುಮಕ್ಕಳಿಗೆ ಕಲಿಸಲು ಹೋಗಿ ಸೋತಿದ್ದರು. ದೊಡ್ಡವನಿಗೆ ತಾಳ್ಮೆಯಿಲ್ಲ, ಚಿಕ್ಕವನಿಗೆ ಹುಳ ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ. ಕಲಿತವಳು ಸೊಸೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು, ಇದನ್ನು ಬಿಗಿ ಮಾಡಿ, ಅದನ್ನು ಸಡಿಲ ಮಾಡಿ, ನಾಳೆಗೇ ಬೇಕು ಎನ್ನುವ ಊರಿನ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದವಳಿಗೆ ಕೆರೆಯ ದಂಡೆಯೊಂದೇ ಉಸಿರು ಬಿಡುವ ಜಾಗವಾಗಿತ್ತು. ಅಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಮಾವನೂ ಅಷ್ಟೆ, ಪಕ್ಕದಲ್ಲಿ ಕೂತು ಬೀಡಿ ಸೇದುತ್ತಾ “ಹ್ಞೂಂ, ಈಗ ಎಳಿ” ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಮಾವ ತೀರಿಕೊಂಡ ಮೇಲೆ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತಳು. “ಮೂಲೆ ನನಗೆ ಬೇಕು. ಮಾವನ ಜೊತೆ ಅಲ್ಲಿ ಕೂತು ಗಾಳ ಹಾಕಿದವಳು ನಾನೊಬ್ಬಳೇ.”

ಸಭೆ ಗೊಳ್ಳೆಂದು ನಕ್ಕಿತು. ಭಾವ ಮಾತ್ರ ನಗಲಿಲ್ಲ. ಅಧ್ಯಕ್ಷರು ನಗಬಾರದಲ್ಲ! “ಮೂಲೆಯಲ್ಲಿ ಏನೂ ಇಲ್ಲ ಕಣಮ್ಮ, ಬರೀ ನೀರು. ಅಲ್ಲಿ ಮೀನು ಬೀಳ್ತಿದ್ದದ್ದು ಅಪ್ಪನ ಕೈಗುಣಕ್ಕೆ. ಅಪ್ಪನ ಕೈಗುಣ ದೊಡ್ಡ ಮಗನಿಗೆ ಬರುತ್ತೆ, ಸೊಸೆಗೆ ಹೇಗೆ ಬರುತ್ತೆ? ನಿನಗೆ ಅಷ್ಟು ಆಸೆ ಇದ್ರೆ ತಟ್ಟೆ ಖಾಲಿ ಇದೆ, ತಗೋ.”

ಸಂಘದ ಹಳೆಯ ನಿಯಮ ಒಂದಿತ್ತು. ಹಂಗಾಮು ಮುಗಿಯುವುದರೊಳಗೆ ಪ್ರತಿ ಜಾಗದಿಂದ ಮೊಳದುದ್ದದ ಒಂದು ಮೀನಾದರೂ ಸಂಘದ ತಕ್ಕಡಿ ಹತ್ತಬೇಕು. ಹತ್ತದಿದ್ದರೆ ಜಾಗ ಸಂಘಕ್ಕೆ ವಾಪಸು. ತಟ್ಟೆ ವಾಪಸು ಬಂದರೆ ಅಲ್ಲಿ ಪೆಡಲ್ ದೋಣಿ ಬಿಡುವ ಯೋಚನೆ ಭಾವನದು. ದೋಣಿ ಕಟ್ಟೆಗೆ ಬೇಕಾದ ಹಲಗೆಗಳು ಆಗಲೇ ಅವನ ಗೋದಾಮಿಗೆ ಬಂದು ಬಿದ್ದಿದ್ದವು. ಅಂದರೆ ನೋಡಿ, ಕೊಡುವಾಗಲೇ ಕಿತ್ತುಕೊಳ್ಳುವ ಲೆಕ್ಕ.

ಮನೆಗೆ ಬಂದ ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. “ನಿಮ್ಮಣ್ಣ ನನ್ನನ್ನ ಏನಂದ್ಕೊಂಡಿದ್ದಾರೆ? ಅದೇ ತಟ್ಟೆಯಿಂದ ಮೀನು ತೆಗೆದು ಅವರ ಮುಂದೆ ಇಡ್ತೀನಿ. ನೋಡ್ತಿರಿ.”

ಗಂಡ ಬಸ್ಸಿನ ಕಂಡಕ್ಟರ್. ಇಡೀ ಬಸ್ಸನ್ನು ಒಂದು ಕೂಗಿಗೆ ಹಿಂದೆ ಸರಿಸುವ ಗಂಟಲು ಅವನದು. ಅಣ್ಣನ ಹೆಸರು ಬಂದರೆ ಮಾತ್ರ ಆ ಗಂಟಲಿಗೆ ಬೀಗ. “ಅಣ್ಣ ಬೈತಾನೆ ಕಣೆ,” ಎಂದ. ಮದುವೆಯಾದಂದಿನಿಂದ ಅವನು ಅತಿ ಹೆಚ್ಚು ಸಲ ಹೇಳಿದ ಮಾತು ಅದೇ ಇರಬೇಕು.

“ಬೈಯಲಿ. ಬೈಗುಳಕ್ಕೆ ಮೈಯೇನು ಸವೆದು ಹೋಗಲ್ಲ.”

ಒಳಗಿನಿಂದ ಅತ್ತೆಯ ದನಿ ಬಂತು. “ಬೈಗುಳ ಬಿಡಿ. ನನ್ನ ಕನ್ನಡಿ ಬೀರು ರಿಪೇರಿಗೆ ಕೊಟ್ಟು ಎಷ್ಟು ಕಾಲ ಆಯ್ತು, ಯಾರಾದರೂ ಹೋಗಿ ಕೇಳಿದ್ರಾ?”

ಈ ಕನ್ನಡಿ ಬೀರಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅತ್ತೆ ನಿಮ್ಮನ್ನೂ ಬಿಡುವುದಿಲ್ಲ. ಅವರು ಮದುವೆಯಾಗಿ ಬರುವಾಗ ತಂದಿದ್ದ ಬೀರು ಅದು. ಬಾಗಿಲಿಗೆ ಆಳೆತ್ತರದ ಕನ್ನಡಿ, ಎಲೆಯ ಆಕಾರದ ಹಿತ್ತಾಳೆ ಹಿಡಿ. ಮಕ್ಕಳು ಚಿಕ್ಕವರಿದ್ದಾಗ ಮಾವ ಅದರ ಕಾಲು ಅಲುಗುತ್ತಿದೆ ಎಂದು ಕೈಗಾಡಿಯಲ್ಲಿ ಹೇರಿಕೊಂಡು ಬಡಗಿಯ ಹತ್ತಿರ ಹೋದವರು ಬರಿಗೈಯಲ್ಲಿ ಬಂದರು. ಬಡಗಿ ಇವತ್ತು ಕೊಡುತ್ತಾನೆ, ನಾಳೆ ಕೊಡುತ್ತಾನೆ, ಬಡಗಿಗೆ ಜ್ವರ, ಬಡಗಿ ಊರು ಬಿಟ್ಟ. ಹೀಗೆ ದಾಟಿಸಿ ದಾಟಿಸಿ ಮಾವ ತಾವೇ ದಾಟಿಹೋದರು. ಅತ್ತೆ ಮಾತ್ರ ಕೇಳುವುದನ್ನು ಬಿಟ್ಟಿರಲಿಲ್ಲ. ಅರಳು ಮರಳು ಎಂದು ಮಕ್ಕಳಿಬ್ಬರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಟೈಲರಮ್ಮ ಮೊದಲು ಮಾಡಿದ್ದು ಅಳತೆ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ ಅವಳು. ಅಟ್ಟದ ಮೇಲಿದ್ದ ಹಳೆಯ ಇಸ್ತ್ರಿಪೆಟ್ಟಿಗೆ ಹಗ್ಗ ಕಟ್ಟಿ, ಪಕ್ಕದ ಜಾಗದ ಬೇಕರಿಯವನ ದೋಣಿ ಕೇಳಿಕೊಂಡು, ನಸುಕಿನಲ್ಲಿ ತಟ್ಟೆಯ ಉದ್ದಗಲಕ್ಕೂ ಅದನ್ನು ತಳದ ಮೇಲೆ ಎಳೆದುಕೊಂಡು ಹೋದಳು. ತಳದಲ್ಲಿ ಏನಿದ್ದರೂ ಹಗ್ಗದ ಮೂಲಕ ಕೈಗೆ ಗೊತ್ತಾಗುತ್ತದೆ. ಇಲ್ಲಿ ಇಸ್ತ್ರಿಪೆಟ್ಟಿ ಮೇಜಿನ ಮೇಲೆ ಜಾರಿದ ಹಾಗೆ ಜಾರಿತು. ಎಲ್ಲೂ ಒಂದು ಸುಕ್ಕಿಲ್ಲ.

“ಏನೂ ಇಲ್ಲ ಅಂದ್ರೆ ನಾವೇ ಏನಾದ್ರೂ ಹಾಕ್ಬೇಕು,” ಎಂದಳು ಬೇಕರಿಯವನಿಗೆ. “ಮೀನಿಗೆ ಅಡಗೋಕೆ ಒಂದು ಮರೆ, ಮೈ ಉಜ್ಜೋಕೆ ಒಂದು ಕಂಬ. ಅಷ್ಟಾದ್ರೆ ಬರದೆ ಏನ್ಮಾಡುತ್ತೆ?”

ಬೇಕರಿಯವನು ಆಕಡೆ ಈಕಡೆ ನೋಡಿದ. ಯಾರು ತಮ್ಮ ಜಾಗದಲ್ಲಿ ಏನು ಮುಳುಗಿಸಿದ್ದಾರೆ ಎಂದು ಆ ಕೆರೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೇಳುವುದೂ ತಪ್ಪು, ಹೇಳುವುದೂ ತಪ್ಪು. ಎಲ್ಲರ ಮೀನೂ ಕೈಗುಣಕ್ಕೆ ಬಿದ್ದದ್ದೇ. “ನಾನೇನೂ ಕೇಳಿಸ್ಕೊಂಡಿಲ್ಲ,” ಎಂದ ಅವನು. “ದೋಣಿ ಮಾತ್ರ ಇಲ್ಲೇ ಕಟ್ಟಿರ್ತೀನಿ, ಬೇಕಾದಾಗ ತಗೊಂಡು ಹೋಗಿ.”

ಮೊದಲ ಪ್ರಯತ್ನ ಹೇಗಾಯಿತು ಎಂದರೆ ಹೇಳುವುದಕ್ಕೂ ನಾಚಿಕೆ. ಅಟ್ಟದಲ್ಲಿ ಒಂದು ಹಳೆಯ ಮರದ ಮಂಚವಿತ್ತು. ಒಣಗಿ ಒಣಗಿ ಬೆಂಡಾಗಿತ್ತು. ಗಂಡ ಹೆಂಡತಿ ಅದನ್ನು ದೋಣಿಯಲ್ಲಿ ಹೇರಿಕೊಂಡು ಹೋಗಿ, ಉಸಿರು ಬಿಗಿಹಿಡಿದು ನೀರಿಗೆ ತಳ್ಳಿದರು. ಮಂಚ ಧಡ್ ಎಂದು ಬಿತ್ತು. ಮುಳುಗಿತೇ? ಎಲ್ಲಿಯ ಮುಳುಗು! ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಹಾಯಾಗಿ ತೇಲಿತು. ಗಾಳಿ ಬೇರೆ ಬೀಸುತ್ತಿತ್ತು. ಮಂಚ ಮೆಲ್ಲಗೆ ಹೊರಟು, ದಂಡೆಗುಂಟ ಎಲ್ಲರ ಮುಂದೆ ಮೆರವಣಿಗೆ ಹೋಗಿ, ಸೀದಾ ಮೂಲೆಯಲ್ಲಿ ಭಾವನ ಗಾಳದ ದಾರಕ್ಕೆ ಸಿಕ್ಕಿಕೊಂಡಿತು. ದೊಡ್ಡ ಮೀನೇ ಬಿತ್ತೆಂದು ಭಾವ ಎದ್ದು ನಿಂತು ಎಳೆದ. ಬಂದದ್ದು ಮಂಚ.

ದಂಡೆಯುದ್ದಕ್ಕೂ ನಗೆ. ಗಂಡ ದೋಣಿಯಲ್ಲೇ ಅಡಗಿ ಕೂತ. ಟೈಲರಮ್ಮ ಕೆನ್ನೆ ಕೆಂಪಾದರೂ ತಲೆ ತಗ್ಗಿಸದೆ ಹುಟ್ಟು ಹಾಕಿಕೊಂಡು ಮಂಚ ತರಲು ಹೋದಳು. ದೋಣಿ ನಿಲ್ಲಲೆಂದು ಇಸ್ತ್ರಿಪೆಟ್ಟಿಯನ್ನು ನೀರಿಗೆ ಬಿಟ್ಟಾಗ ಅದು ತಳ ಮುಟ್ಟುವ ಮೊದಲೇ ಯಾವುದಕ್ಕೋ ತಾಗಿತು. ಟಕ್ ಎಂದು ಕೈಗೆ ಬಂತು. ಕಲ್ಲಲ್ಲ, ಮಣ್ಣಲ್ಲ, ಮರ. ಇನ್ನೊಮ್ಮೆ ಎತ್ತಿ ಬಿಟ್ಟಳು. ಮತ್ತೆ ಟಕ್. ಅವಳು ಏನೂ ಗೊತ್ತಿಲ್ಲದವಳ ಹಾಗೆ ಮಂಚ ಕಟ್ಟಿಕೊಂಡು ಬಂದಳು. ಓಹೋ, ಕೈಗುಣವಂತೆ ಕೈಗುಣ, ಎಂದು ಒಳಗೊಳಗೇ ಹಲ್ಲು ಕಡಿದಳು.

ಮಾರನೆಯ ದಿನ ತಟ್ಟೆಯ ದಂಡೆಯಲ್ಲಿ ಹೊಸ ಬೋರ್ಡು ನಿಂತಿತ್ತು. ಕೆಂಪು ಅಕ್ಷರ, ಭಾವನ ಅಂಗಡಿಯದೇ ಬಣ್ಣ. ‘ನೀರಿಗೆ ಏನನ್ನೂ ಹಾಕಬಾರದು. ಅಪ್ಪಣೆ ಮೇರೆಗೆ, ಅಧ್ಯಕ್ಷರು.’ ಇಡೀ ಕೆರೆಗೆ ಅದೊಂದೇ ಬೋರ್ಡು. ಬೇರೆ ಯಾರ ಜಾಗದಲ್ಲೂ ಇಲ್ಲ.

ಗಂಡ ಅದನ್ನು ಎರಡು ಸಲ ಓದಿದ. “ಬಿಟ್ಟುಬಿಡೋಣ ಕಣೆ. ಬೋರ್ಡೇ ಹಾಕಿದ್ದಾನೆ.”

“ಸಂಘದ ನಿಯಮ ಸಭೆಯಲ್ಲಿ ಆಗ್ಬೇಕು, ನಿಮ್ಮಣ್ಣನ ಬಣ್ಣದ ಡಬ್ಬಿಯಲ್ಲಲ್ಲ. ಸಭೆ ಯಾವಾಗ ಕೂತಿತ್ತು? ಕೂತಿಲ್ಲ ತಾನೆ? ಹಾಗಾದ್ರೆ ಇದು ಬರೀ ಹಲಗೆ.” ಅವಳು ಮೈಮೇಲಿದ್ದ ಕೋಟನ್ನು ಬಿಚ್ಚಿ ಬೋರ್ಡಿಗೆ ನೇತುಹಾಕಿ, ತೋಳು ಮಡಿಚಿ ಕೆಲಸಕ್ಕಿಳಿದಳು.

ಒಣ ಮರ ತೇಲುತ್ತದೆ, ಹಸಿ ಮರ ಮುಳುಗುತ್ತದೆ. ಒಂದು ಮಂಚದ ಮರ್ಯಾದೆ ಕಳೆದುಕೊಂಡು ಕಲಿತ ಪಾಠ ಇದು. ಅಷ್ಟರಲ್ಲಿ ವಿದ್ಯುತ್ ತಂತಿಗೆ ತಾಗುತ್ತವೆಂದು ಅವರ ಬೀದಿಯ ಮರಗಳ ಕೊಂಬೆ ಕಡಿದು ರಾಶಿ ಹಾಕಿದ್ದರು. ಅದನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದಳು. ಕೊಂಬೆಗಳನ್ನು ಕಟ್ಟುಗಳಾಗಿ ಮಾಡಿ, ಪ್ರತಿ ಕಟ್ಟಿಗೂ ಒಡೆದ ಸಿಮೆಂಟು ಇಟ್ಟಿಗೆ ಬಿಗಿದು, ಬೇಕಾದಾಗ ಎತ್ತಲು ಒಂದೊಂದು ಹಗ್ಗ ಬಿಟ್ಟು, ಹಾಡಹಗಲೇ ಎಲ್ಲರ ಕಣ್ಣೆದುರು ಮುಳುಗಿಸಿದಳು. ಕದ್ದು ಮುಚ್ಚಿ ಮಾಡಲು ಅದೇನು ಕಳ್ಳತನವೇ? ಕಟ್ಟಿದ್ದು ಟೈಲರಮ್ಮ ಎಂದ ಮೇಲೆ ಕೇಳಬೇಕೇ! ಕೋಟಿನ ಕಾಲರು ಕೂರಿಸುವ ಕೈ. ಒಂದು ಕಡ್ಡಿ ಅತ್ತಿತ್ತ ಅಲುಗದ ಹಾಗೆ, ಬೆರಳು ತೂರದ ಹಾಗೆ ಬಿಗಿದಿದ್ದಳು. ನೋಡಿದವರು ಭಲೆ ಎನ್ನಬೇಕು.

ಮೀನುಗಳು ಮಾತ್ರ ಭಲೆ ಎನ್ನಲಿಲ್ಲ. ವಾರಗಳು ಹೋದವು. ಬೆರಳುದ್ದದ ಮರಿಗಳು ಗಾಳದ ಹುಳ ಕಿತ್ತು ಓಡುತ್ತಿದ್ದವು ಅಷ್ಟೆ. ದೊಡ್ಡ ಮೀನು ಒಂದೂ ಇತ್ತ ಮುಖ ಹಾಕಲಿಲ್ಲ. ಹಂಗಾಮು ಮುಗಿಯುತ್ತಾ ಬಂತು. ಟೈಲರಮ್ಮನಿಗೆ ಸಿಟ್ಟು ಬಂತು, ಅಳು ಬಂತು, ಎರಡನ್ನೂ ಹೊಲಿಗೆ ಯಂತ್ರದ ಮೇಲೆ ತೀರಿಸಿಕೊಂಡಳು. ಯಂತ್ರ ಪಾಪ ಸೂಜಿ ಮುರಿದುಕೊಂಡಿತು.

ಅಂಥ ಒಂದು ಮಧ್ಯಾಹ್ನ ಭಾವ ಅವಳ ಅಂಗಡಿಯ ಮೆಟ್ಟಿಲು ಹತ್ತಿದ. ಕಂಕುಳಲ್ಲಿ ಒಂದು ಕೋಟು. ಹಂಗಾಮಿನ ಕೊನೆಗೆ ಸಂಘದವರೆಲ್ಲ ತಕ್ಕಡಿಯ ಮುಂದೆ ಸೇರುವ ತೂಕದ ದಿನ ಅಧ್ಯಕ್ಷರು ಕೋಟು ಹಾಕಿಕೊಂಡೇ ಬರಬೇಕು, ಆದರೆ ಕೋಟಿನ ಗುಂಡಿ ಗುಂಡಿಮನೆಯ ಹತ್ತಿರ ಹೋಗಲೂ ಒಪ್ಪುತ್ತಿಲ್ಲ. ಊರಿನಲ್ಲಿ ಕೋಟು ಬಿಚ್ಚಿ ಹೊಲಿಯುವ ಕೈ ಬೇರೆ ಇಲ್ಲ. ಇದ್ದಿದ್ದರೆ ಬರುತ್ತಿದ್ದನೇ!

“ಕೈ ಎತ್ತಿ,” ಎಂದಳು ಟೈಲರಮ್ಮ.

ಅಧ್ಯಕ್ಷರು ಎರಡೂ ಕೈ ಮೇಲೆತ್ತಿ ನಿಂತರು. ಅವಳು ಹೊಟ್ಟೆಯ ಸುತ್ತ ಟೇಪು ತಂದಳು. ಅವನು ಉಸಿರು ಒಳಗೆಳೆದುಕೊಂಡ.

“ಉಸಿರು ಬಿಡಿ ಭಾವ. ಅಳತೆ ನಿಮ್ಮ ಹೊಟ್ಟೆಗೆ ಬೇಕು, ನಿಮ್ಮ ಆಸೆಗಲ್ಲ.”

ಭಾವ ಉಸಿರು ಬಿಟ್ಟ. ಬಿಟ್ಟು ಸುಮ್ಮನಿರಬೇಕಲ್ಲ! “ತಟ್ಟೆಯಲ್ಲಿ ಏನೋ ಅರಮನೆ ಕಟ್ಟಿದ್ದೀಯಂತೆ. ಮೀನುಗಳು ಬಂದ್ವಾ, ಇಲ್ಲ ಇನ್ನೂ ದಾರೀಲಿದ್ದಾವಾ? ತೂಕದ ದಿನ ಆದ ಮಾರನೆಯ ದಿನವೇ ನಾನು ಹಲಗೆ ಬಡಿಸ್ತೀನಿ. ಮೊದಲನೇ ದೋಣೀಲಿ ನಿನ್ನನ್ನೇ ಕೂರಿಸ್ತೀನಿ ಬಿಡು, ಬೇಜಾರು ಮಾಡ್ಕೋಬೇಡ.”

ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅವನು ಬಚಾವಾದ. ಅವಳು ಕೋಟನ್ನು ಮಗುಚಿ ಪಕ್ಕದ ಹೊಲಿಗೆ ನೋಡಿದಳು. ಹೊಲಿಗೆ ಗಟ್ಟಿಯೇ ಇತ್ತು. ಹೊಲಿದವನು ಮೈಗೆ ಅಂಟುವ ಹಾಗೆ ಅಳತೆ ಹಿಡಿದು, ಒಳಗೆ ಒಂದು ಬೆರಳಿನಷ್ಟೂ ಸಡಿಲ ಬಿಡದೆ ಹೊಲಿದುಬಿಟ್ಟಿದ್ದ. ಯಾವ ಮೂರ್ಖ ಹೊಲಿದದ್ದಪ್ಪಾ ಇದನ್ನು, ಎಂದು ಗುಂಡುಸೂಜಿಗಳನ್ನು ಉಗುಳಿ ಬೈಯಲು ಹೊರಟಳು. “ಇಷ್ಟು ಬಿಗಿ ಹೊಲಿದ್ರೆ ಒಳಗೆ ಮನುಷ್ಯ ಹೋಗೋದಾದ್ರೂ ಹೇಗೆ? ಉಸಿರಾಡೋಕೆ ಜಾಗ ಬೇಡ್ವಾ? ಒಳಗೆ ಹೋಗೋಕೆ...”

ಅಲ್ಲಿಗೆ ಮಾತು ನಿಂತಿತು. ಟೇಪು ಕೈಯಲ್ಲೇ ಉಳಿಯಿತು.

“ಯಾಕೆ, ಏನಾಯ್ತು?” ಎಂದ ಭಾವ, ಕೈ ಇನ್ನೂ ಮೇಲೆಯೇ ಇತ್ತು.

“ಏನಿಲ್ಲ. ಕೈ ಇಳಿಸಿ. ಕೋಟು ಚೆನ್ನಾಗಿ ಸಡಿಲ ಮಾಡಿಕೊಡ್ತೀನಿ. ನಿಮ್ಮಿಂದ ಉಪಕಾರ ಆಯ್ತು.”

ಅತ್ತಿಗೆ ನಾದಿನಿಯರಿಗೆ, ಮದುಮಕ್ಕಳಿಗೆ, ಬಸುರಿಯರಿಗೆ, ಊರಿಗೆಲ್ಲ “ಸ್ವಲ್ಪ ಸಡಿಲ ಇರ್ಲಿ” ಎಂದು ಬುದ್ಧಿ ಹೇಳುವವಳು ಮೀನಿನ ಮನೆಗೆ ಬಾಗಿಲಿಡುವುದನ್ನೇ ಮರೆತಿದ್ದಳು! ಬೆರಳು ತೂರದ ಕಟ್ಟಿನೊಳಗೆ ಮೊಳದುದ್ದದ ಮೀನು ಎಲ್ಲಿಂದ ತೂರಬೇಕು? ಮರಿಗಳು ಸಂದಿಯಲ್ಲಿ ನುಸುಳಿ ಆರಾಮವಾಗಿದ್ದವು. ದೊಡ್ಡವು ಹೊರಗಿನಿಂದಲೇ ನೋಡಿ, ಇದೇನು ಗೋಡೆ ಎಂದು ಮೂತಿ ತಿರುಗಿಸಿ ಹೋಗುತ್ತಿದ್ದವು. ಅವಳು ಹಣೆ ಚಚ್ಚಿಕೊಂಡಳು, ಆಮೇಲೆ ಒಬ್ಬಳೇ ನಕ್ಕಳು.

ಮರುದಿನ ಬೆಳಗ್ಗೆ ಎಲ್ಲ ಕಟ್ಟುಗಳನ್ನೂ ಹಗ್ಗ ಹಿಡಿದು ಮೇಲೆತ್ತಿದಳು. ನೀರು ಕುಡಿದು ಕಟ್ಟುಗಳು ಹೆಣಭಾರವಾಗಿದ್ದವು. ಗಂಡ ರಜೆ ಹಾಕಿ ಬಂದಿದ್ದ, ಎಳೆಯುತ್ತಾ ಏದುಸಿರು ಬಿಡುತ್ತಿದ್ದ. ಹೊಲಿಗೆ ಬಿಚ್ಚುವ ಹಾಗೆ ಗಂಟುಗಳನ್ನು ಬಿಚ್ಚಿ, ಕೊಂಬೆಗಳನ್ನು ಬುಡ ಕೆಳಗೆ, ತುದಿ ಮೇಲೆ ಮಾಡಿ ಗುಡಾರದ ಹಾಗೆ ಹರಡಿ ಕಟ್ಟಿದಳು. ಒಂದೊಂದಕ್ಕೂ ದಂಡೆಯ ಕಡೆಗೆ ಒಂದು ಬಾಗಿಲು. ಎರಡು ಗುಡಾರದ ನಡುವೆ ಗಾಳ ಎಸೆಯಲು ಓಣಿ. ಹೊಕ್ಕ ಮೀನು ಸುತ್ತಾಡಲು ಒಳಗೆ ಜಾಗ. ಬೋರ್ಡು ದಂಡೆಯ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿತ್ತು. ನೋಡಲಿ, ಅದಕ್ಕೇನು ಕೆಲಸ.

ಆಮೇಲೆ ಕಾಯುವುದು. ನೀರಿನ ಮೇಲೆ ಗುಳ್ಳೆ ಏಳುತ್ತಿದ್ದವು, ಗುಡಾರಗಳ ಮೇಲೆ ನೀರು ಒಮ್ಮೊಮ್ಮೆ ಉಬ್ಬುತ್ತಿತ್ತು. ಯಾರೋ ಒಳಗೆ ಸಂಸಾರ ಹೂಡಿದ್ದರು. ಆದರೆ ಗಾಳಕ್ಕೆ ಬಾಯಿ ಹಾಕುತ್ತಿರಲಿಲ್ಲ. ತೂಕದ ದಿನದ ಹಿಂದಿನ ಸಂಜೆಯೂ ಅವಳು ಬರಿಗೈಯಲ್ಲಿ ಮನೆಗೆ ಬಂದಳು.

ತೂಕದ ದಿನ ಬೆಳಗಾಗುತ್ತಲೇ ದಂಡೆ ತುಂಬಿತು. ಸಂಘದ ಮೇಜು, ತಕ್ಕಡಿ, ಧ್ವನಿವರ್ಧಕ, ಮಡಚುವ ಕುರ್ಚಿಗಳು. ಅತ್ತೆಯನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಭಾವ ಸಡಿಲವಾದ ಕೋಟಿನಲ್ಲಿ ಓಡಾಡುತ್ತಿದ್ದ, ಗುಂಡಿ ಸರಾಗವಾಗಿ ಗುಂಡಿಮನೆಯಲ್ಲಿ ಕೂತಿತ್ತು. ಒಂದೊಂದೇ ಜಾಗದ ಹೆಸರು ಕೂಗಿದರು. ಒಬ್ಬೊಬ್ಬರೇ ಈ ಹಂಗಾಮಿನಲ್ಲಿ ತಕ್ಕಡಿ ಹತ್ತಿದ ತಮ್ಮ ಮೀನುಗಳ ಕಥೆ ಉಬ್ಬಿಸಿ ಹೇಳಿದರು.

ಟೈಲರಮ್ಮ ಸಭೆಗೆ ಹೋಗಲಿಲ್ಲ. ಸಭೆ ಮುಗಿಯುವವರೆಗೆ ಹಂಗಾಮು ಮುಗಿಯುವುದಿಲ್ಲ ಎಂದು ತಟ್ಟೆಯಲ್ಲೇ ನಿಂತಿದ್ದಳು. ಗಾಳವನ್ನು ನಡುವಿನ ಗುಡಾರದ ಬಾಗಿಲ ಮುಂದೆ ಇಳಿಬಿಟ್ಟಿದ್ದಳು. “ಬಾರೋ,” ಎಂದಳು ಹಲ್ಲು ಕಚ್ಚಿ. “ಮನೆ ಕಟ್ಟಿಕೊಟ್ಟಿದ್ದೀನಿ, ನೆರಳು ಕೊಟ್ಟಿದ್ದೀನಿ, ಒಂದು ಸಲ ಬಂದು ಮುಖ ತೋರಿಸೋಕೆ ನಿನಗೇನು ಧಾಡಿ?”

ಬೆಂಡು ಅಲುಗಿತು. ನಿಂತಿತು. ಆಮೇಲೆ ಒಂದೇ ಏಟಿಗೆ ಒಳಗೆ ಹೋಯಿತು.

ಅವಳು ಎಳೆದಳು. ಕೋಲು ಬಿಲ್ಲಾಯಿತು. ಮೀನು ಮಾಡಿದ ಮೊದಲ ಕೆಲಸವೆಂದರೆ ಮನೆಯ ಕಡೆ ಓಡಿದ್ದು. ಕೊಂಬೆಗಳ ಒಳಗೆ ಹೊಕ್ಕಿತೋ, ದಾರ ಸುತ್ತಿಕೊಂಡು ಮುಗಿಯಿತು ಕಥೆ. ಆದರೆ ಬಾಗಿಲು ಎಲ್ಲಿದೆ ಎಂದು ಮೀನಿಗೆ ಗೊತ್ತಿದ್ದಷ್ಟೇ ಅವಳಿಗೂ ಗೊತ್ತು, ಇಟ್ಟವಳೇ ಅವಳು. ಕೋಲನ್ನು ಅಡ್ಡ ಮಲಗಿಸಿ, ನೀರಿನಲ್ಲಿ ಮೊಣಕಾಲವರೆಗೆ ಇಳಿದು, ಮೀನಿನ ಮೂತಿಯನ್ನು ಬಾಗಿಲಿನಿಂದ ಓಣಿಗೆ ತಿರುಗಿಸಿದಳು. ಅದು ಮತ್ತೆ ಹೋಯಿತು, ಇವಳು ಮತ್ತೆ ತಿರುಗಿಸಿದಳು. ಮಾವ ಪಕ್ಕದಲ್ಲಿದ್ದಿದ್ದರೆ ಬೀಡಿ ಬಾಯಿಂದ ತೆಗೆಯುತ್ತಿದ್ದರು. ಹ್ಞೂಂ, ಈಗ ಎಳಿ, ಎಂದು ಅವಳೇ ಹೇಳಿಕೊಂಡಳು. ಎಳೆದಳು. ಗೆಂಡೆ ಮೀನು ದಂಡೆಗೆ ಬಂದು ಬಿತ್ತು. ಮೊಳದುದ್ದವೇನು, ಅವಳ ತೋಳುದ್ದ.

ಒದ್ದೆ ಗೋಣಿಯಲ್ಲಿ ಅದನ್ನು ತಬ್ಬಿಕೊಂಡು ಅವಳು ಸಭೆಯ ನಡುವೆ ನಡೆದು ಬಂದಳು. ನೀರು ಸುರಿಯುತ್ತಿತ್ತು, ಕೂದಲು ಕೆದರಿತ್ತು. ತಕ್ಕಡಿಯ ಹತ್ತಿರ ಕೂತಿದ್ದ ಐಸ್ ಅಂಗಡಿಯವನು ಎದ್ದು ನಿಂತ.

“ತಟ್ಟೆ ಜಾಗದ ಮೀನು. ತೂಕ ಹಾಕಿ.”

“ನಿಲ್ಲು!” ಎಂದ ಭಾವ. “ಅಲ್ಲಿ ಬೋರ್ಡಿದೆ. ನೀರಿಗೆ ಏನನ್ನೂ ಹಾಕಬಾರದು ಅಂತ ಬರೆದಿದೆ. ಇದು ಮೋಸದ ಮೀನು. ಲೆಕ್ಕಕ್ಕಿಲ್ಲ.”

“ನೀರಿಗೆ ಹಾಕಿದ್ದೇ ಮೋಸ ಅಂದ್ರೆ ಮೊದಲು ಮೂಲೆಯಿಂದ ಶುರು ಮಾಡಿ ಭಾವ. ಅಲ್ಲಿ ತಳದಲ್ಲಿ ಮರದ ಸಾಮಾನಿದೆ. ನನ್ನ ಕೈಗೆ ತಾಗಿದೆ.”

ದಂಡೆಯಲ್ಲಿದ್ದವರೆಲ್ಲ ತಟ್ಟನೆ ತಮ್ಮ ತಮ್ಮ ಕಾಲಿನ ಬೆರಳು ನೋಡತೊಡಗಿದರು. ಆಡಬಾರದ ಮಾತನ್ನು ಅವಳು ಆಡಿಬಿಟ್ಟಿದ್ದಳು, ಅದೂ ಧ್ವನಿವರ್ಧಕದ ಮುಂದೆ. ಭಾವನ ಮುಖ ಕಪ್ಪಿಟ್ಟಿತು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಪಾಪ. ಅಪ್ಪನ ಕೈಗುಣ ತನಗೆ ಬಂದಿದೆ ಎಂದು ಮನಸಾರೆ ನಂಬಿದ್ದ.

“ಸತ್ತ ಅಪ್ಪನ ಮೇಲೆ ಅಪವಾದ ಹೊರಿಸ್ತೀಯಾ? ತನ್ನಿ ಕೊಕ್ಕೆ! ಒಂದು ಕಡ್ಡಿ ಸಿಕ್ಕಿದ್ರೆ ಕೇಳಿ!”

ಟೈಲರಮ್ಮ ಮೀನಿನ ಗೋಣಿಯನ್ನು ದಂಡೆಯ ನೀರಿನಲ್ಲಿ ಅದ್ದಿ ಹಿಡಿದಳು. ಬೇಕರಿಯವನ ದೋಣಿಯಲ್ಲಿ ಭಾವನೇ ಮೂಲೆಗೆ ಹೋಗಿ, ಹಗ್ಗದ ಕೊಕ್ಕೆ ಎಸೆದ. ಮೊದಲ ಸಲ ಬರಿದೇ ಬಂತು, “ನೋಡಿದ್ರಾ!” ಎಂದು ಕೂಗಿದ. ಎರಡನೆಯ ಸಲ ಕೊಕ್ಕೆ ಕಚ್ಚಿಕೊಂಡಿತು. ಎಳೆದ, ಬರಲಿಲ್ಲ. ಕಾಲು ಕೊಟ್ಟು, ಮುಖ ಕೆಂಪಾಗಿಸಿ ಎಳೆದ. ಕೋಟಿನ ಹೊಲಿಗೆ ಒಂದೂ ಬಿಡಲಿಲ್ಲ, ಅದು ಟೈಲರಮ್ಮನ ಕೈಕೆಲಸ. ಬಿಟ್ಟದ್ದು ತಳದಲ್ಲಿದ್ದ ಸಾಮಾನಿನ ಬಾಗಿಲು. ಕೆಸರು ಸುರಿಸುತ್ತಾ, ಪಾಚಿ ಇಳಿಬಿಟ್ಟುಕೊಂಡು ಅದು ನೀರಿನಿಂದ ಮೇಲೆ ಬಂತು. ಮಧ್ಯದಲ್ಲಿ ಆಳೆತ್ತರದ ಗಾಜು. ಅಂಚಿನಲ್ಲಿ ಎಲೆಯ ಆಕಾರದ ಹಿಡಿ.

ಅತ್ತೆ ಕುರ್ಚಿಯಿಂದ ಎದ್ದರು.

ಅವರು ನಿಧಾನವಾಗಿ ದಂಡೆಗೆ ಬಂದರು. ಭಾವ ಬಾಗಿಲನ್ನು ದಡಕ್ಕೆ ತಂದು ನಿಲ್ಲಿಸಿದ. ಅತ್ತೆ ಹಿಡಿಯ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಒರೆಸಿ, ಸುಮ್ಮನೆ ನೋಡಿದರು.

“ಬಡಗಿಗೆ ಜ್ವರ ಅಂದ,” ಎಂದರು. “ಬಡಗಿ ಊರು ಬಿಟ್ಟ ಅಂದ. ಮುದುಕ, ನನ್ನ ಬೀರನ್ನ ಮೀನಿಗೆ ಕೊಟ್ಟು ಸಾಯೋವರೆಗೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ನಲ್ಲ! ನೀವಿಬ್ರೂ ನನಗೆ ಅರಳು ಮರಳು ಅಂದ್ರಿ. ಯಾರಿಗೋ ಅರಳು ಮರಳು?”

ಇಬ್ಬರು ಮಕ್ಕಳೂ ತಲೆ ತಗ್ಗಿಸಿದರು. ಎಲ್ಲೋ ಒಬ್ಬ ಕಿಸಕ್ಕೆಂದ. ಅತ್ತೆ ಅತ್ತ ತಿರುಗಿದ ಕೂಡಲೇ ಅವನ ನಗು ಆರಿತು.

“ಅಮ್ಮಾ, ಮನೆಗೆ ತರಿಸ್ತೀನಿ, ಹೊಸ ಕನ್ನಡಿ ಹಾಕಿಸ್ತೀನಿ,” ಎಂದ ಭಾವ, ದನಿ ಅರ್ಧಕ್ಕರ್ಧ ಇಳಿದಿತ್ತು.

“ಏನೂ ಬೇಡ. ಇಷ್ಟು ಕಾಲ ಮೀನುಗಳು ಮುಖ ನೋಡ್ಕೊಂಡಿವೆ, ಇನ್ನು ನಾನು ನೋಡ್ಕೊಂಡು ಏನಾಗ್ಬೇಕು? ಎಲ್ಲಿಂದ ತೆಗೆದ್ಯೋ ಅಲ್ಲೇ ಹಾಕು. ನಿನ್ನ ಕೈಯಾರೆ ಹಾಕು.” ಅವರು ಸೊಸೆಯ ಕಡೆ ತಿರುಗಿದರು. ಗೋಣಿಯೊಳಗಿನ ಮೀನನ್ನು ನೋಡಿದರು, ಅವಳ ಒದ್ದೆ ಕಾಲನ್ನು ನೋಡಿದರು. “ಇವಳು ಮುಚ್ಚುಮರೆ ಇಲ್ದೆ ಹಾಕಿದ್ಲು. ನಿಮ್ಮಪ್ಪ ಕದ್ದು ಹಾಕಿದ. ಮೋಸದ ಮೀನು ಯಾರದು ಅಂತ ಈಗ ಹೇಳು.”

ಭಾವ ಬಾಗಿಲು ಹೊತ್ತುಕೊಂಡು ದೋಣಿ ಹತ್ತಿ, ಇಡೀ ಸಂಘದ ಎದುರು, ಕೋಟು ಹಾಕಿಕೊಂಡೇ ನೀರಿಗೆ ಹಾಕಿದ. ಐಸ್ ಅಂಗಡಿಯವನು ಯಾರ ಅಪ್ಪಣೆಗೂ ಕಾಯದೆ ಮೀನನ್ನು ತಕ್ಕಡಿಗೆ ಏರಿಸಿದ. ಮುಳ್ಳು ವಾಲಿತು. “ತಟ್ಟೆ ಉಳೀತು!” ಎಂದು ಬೇಕರಿಯವನು ಕೂಗಿದ. ಆಮೇಲೆ ನೋಡಬೇಕು ದಂಡೆಯ ಗದ್ದಲ. ಒಬ್ಬ ಟಯರು ಹಾಕಿದ್ದೆ ಎಂದ, ಇನ್ನೊಬ್ಬ ಹಳೆಯ ಏಣಿ ಎಂದ, ಮೂರನೆಯವನು ಹೆಂಡತಿಯ ತವರಿನವರು ಕೊಟ್ಟ ಕುರ್ಚಿಗಳು ಎಂದು ಹೇಳಿ ಅವಳ ಕೈಗೆ ಸಿಕ್ಕಿಬಿದ್ದ.

ಟೈಲರಮ್ಮ ಮೀನನ್ನು ಎತ್ತಿಕೊಂಡು ತಟ್ಟೆಗೆ ವಾಪಸು ಹೋದಳು. ಗೆದ್ದಿದ್ದಳು, ಖುಷಿಯಿಂದ ಕಣ್ಣು ಮಂಜಾಗಿತ್ತು. ಯಾರೋ ಹಿಂದಿನಿಂದ, ಹುರಿದು ತಿನ್ನಮ್ಮಾ ಎಂದರು.

“ನಾನೇ ಕರೆದು ಬಿಡಾರ ಕೊಟ್ಟಿದ್ದೀನಿ, ನಾನೇ ತಿನ್ಲಾ?” ಎಂದು ಅವಳು ಮೀನನ್ನು ನೀರಿಗೆ ಬಿಟ್ಟಳು. ಅದು ಒಂದು ಕ್ಷಣ ನಿಂತು, ಬಾಲ ಬೀಸಿ, ಸೀದಾ ಬಾಗಿಲ ಕಡೆಗೆ ಹೋಯಿತು.

ಹಿಂದೆ ಏನೋ ಕಿರಗುಟ್ಟಿತು. ತಿರುಗಿ ನೋಡಿದರೆ ಅವಳ ಗಂಡ. ಎಲ್ಲಿಂದ ತಂದನೋ, ಕೈಯಲ್ಲಿ ಸ್ಕ್ರೂಡ್ರೈವರು. ಬೋರ್ಡಿನ ಸ್ಕ್ರೂಗಳನ್ನು ಒಂದೊಂದಾಗಿ ತಿರುಪಿ ತೆಗೆಯುತ್ತಿದ್ದ. ದೋಣಿ ಕಟ್ಟಿ ದಂಡೆ ಹತ್ತುತ್ತಿದ್ದ ಭಾವ ಅಲ್ಲಿಂದಲೇ ಕೂಗಿದ. “ಏಯ್! ಏನೋ ಮಾಡ್ತಿದ್ದೀಯ?”

ಕಂಡಕ್ಟರ್ ತಿರುಗಿದ. ಬಸ್ಸಿನ ಗಂಟಲು ಮೊಟ್ಟಮೊದಲ ಸಲ ಅಣ್ಣನ ಮುಂದೆ ತೆರೆಯಿತು. “ಹಿಂದೆ ಸರಿ ಅಣ್ಣಾ! ಇದು ನನ್ನ ಹೆಂಡತಿ ಜಾಗ!”

ಭಾವ ನಿಂತ. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಹಿಂದೆಯೂ ಸರಿದ.

ಬೋರ್ಡು ಕಳಚಿ ಗಂಡನ ಕೈಗೆ ಬಂತು. ಕೆಂಪು ಅಕ್ಷರದ ಕಡೆ ನೋಡಿ, ನೀರಿನ ಕಡೆ ನೋಡಿ, ಅವನು ಮೆಲ್ಲಗೆ ಕೇಳಿದ. “ಒಣ ಹಲಗೆ. ತೇಲುತ್ತಲ್ವೇನೆ?”

ಟೈಲರಮ್ಮ ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು, ಹೊಸ ಬಟ್ಟೆ ನೋಡಿದ ಹಾಗೆ. ಆಮೇಲೆ ಬಗ್ಗಿ, ಕಾಲ ಬಳಿ ಬಿದ್ದಿದ್ದ ಸಿಮೆಂಟು ಇಟ್ಟಿಗೆಯನ್ನೂ ಹಗ್ಗವನ್ನೂ ಅವನ ಮುಂದೆ ಇಟ್ಟಳು.

“ಕಟ್ಟಿ ಹಾಕ್ರೀ,” ಎಂದಳು. “ಬಾಗಿಲಿಗೆ ಅಡ್ಡ ಬರದ ಹಾಗೆ ನೋಡ್ಕೊಳ್ಳಿ.”